ಸೊಂಟದ ಭಾರ

ಮಾರ್ಚ್ 6, ಗುರುವಾರ

ಮತ್ತೆ ನೆಲ್ಡಾಳ ಬಂದೂಕಿನ ಅಂಗಡಿ. ಗಾಜಿನ ಮೇಲೆ ಬಟ್ಟೆ ಹಾಸಿ ಮೂರು ಪಿಸ್ತೂಲು ಇಟ್ಟಳು. ಎರಡು ಹೊಸವು. ಪ್ಲಾಸ್ಟಿಕ್ ಹಿಡಿ, ಹಗುರ. ಕೈಯಲ್ಲಿದ್ದರೂ ಏನೂ ಇಲ್ಲವೆನ್ನಿಸುತ್ತದೆ. ಮೂರನೆಯದು ಹಳೆಯದು, ಗಿಡ್ಡ, ಪೂರ್ತಿ ಉಕ್ಕು. ನಾನು ಎಂ.ಎ. ಓದುತ್ತಿದ್ದ ಕಾಲದ್ದು. ನಳಿಗೆಯ ತುದಿಯಲ್ಲಿ ಕಪ್ಪು ಬಣ್ಣ ಸವೆದು ಬಿಳಿ ಲೋಹ ಕಾಣುತ್ತದೆ. ಯಾರೋ ವರ್ಷಗಟ್ಟಲೆ ಚರ್ಮದ ಒರೆಗೆ ಹಾಕಿ, ತೆಗೆದು, ಮತ್ತೆ ಹಾಕಿ...

"ಆ ಮುದುಕನ ಹಿಂದೆ ಯಾಕೆ ಬಿದ್ದಿದ್ದೀರಿ ಮಿಸ್ ರೋವೆನಾ? ದಿನಾ ಸೊಂಟಕ್ಕೆ ಕಟ್ಕೊಂಡು ಓಡಾಡಿ ನೋಡಿ, ಸಾಯಂಕಾಲದ ಹೊತ್ತಿಗೆ ಒಂದು ಕಡೆ ವಾಲಿರ್ತೀರಿ."

"ಗಂಡನ್ನ ಅಷ್ಟು ವರ್ಷ ಹೊತ್ತಿದ್ದೀನಿ. ಇದೇನು ಮಹಾ."

"ಅವನಿಗೆ ಟ್ರಿಗರ್ ಇರ್ಲಿಲ್ಲ!"

"ಇತ್ತು. ನನ್ನ ಅಡುಗೆ."

ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಯಾತಕ್ಕೆ ಬೇಕು?" ಅಂದಳು. ಸ್ವರಕ್ಷಣೆಗೆ ಅಂದೆ. ಮತ್ತೆ ಕೇಳಲಿಲ್ಲ. ಊರಿಗೆಲ್ಲ ಗೊತ್ತು. ತಂಗಿ ಐವಾ ಡೀನ್ ನೆಲಮಾಳಿಗೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಸತ್ತಳೆಂದು ಕೋರ್ಟಿನ ಜ್ಯೂರಿ ನಂಬಿತು. ಅವಳ ಗಂಡ ಗಾರ್ಲೆಂಡ್ ಪ್ರೂಯಿಟ್ ಬಿಡುಗಡೆಯಾಗಿ ಈಗ ಅದೇ ಮನೆಗೆ ಹಿಂತಿರುಗಿದ್ದಾನೆ. ಅವನ ವಿರುದ್ಧ ಸಾಕ್ಷಿ ಹೇಳಿದವಳು ನಾನೊಬ್ಬಳೇ. ಒಂದು ದಿನ ನನ್ನ ಬಾಗಿಲಿಗೂ ಬರುತ್ತಾನೆ.

ಬರಲಿ. ಅದಕ್ಕೇ ಕಾಯುತ್ತಿದ್ದೇನೆ.

ಮಾರ್ಚ್ 8

ಅಂಗಡಿಯ ಹಿಂದೆ ಹಾರಿಸಿ ನೋಡಿದೆ. ಹೊಸವು ಅಂಗೈಯಲ್ಲಿ ಮೀನಿನಂತೆ ನೆಗೆದವು. ಹಳೆಯದು ತನ್ನ ಭಾರದಿಂದಲೇ ಏಟನ್ನು ನುಂಗಿಕೊಂಡಿತು. ಮೇಲಿನ ಸ್ಲೈಡ್ ಎಳೆಯುವುದು ಕಷ್ಟ, ಬೆರಳಿನ ಚರ್ಮ ಸುಲಿದಿದೆ. ಮೊದಲ ಗುಂಡಿಗೆ ಟ್ರಿಗರ್ ಎಳೆತ ಉದ್ದ, ಬಿಗಿ. ಎರಡನೆಯದಕ್ಕೆ ಮುಟ್ಟಿದರೆ ಸಾಕು. ಆ ಮೊದಲ ಎಳೆತ ಹಳಗಾಲದ ಪದ್ಯದ ಮೊದಲ ಸಾಲಿನಂತೆ— ಕೊನೆಯವರೆಗೂ ಉಸಿರು ಹಿಡಿದು ಹೋಗಬೇಕು, ನಡುವೆ ಮನಸ್ಸು ಬದಲಿಸಬಹುದು.

ನಾನು ಬದಲಿಸುವುದಿಲ್ಲ. ಆದರೂ ಆ ಉದ್ದ ಹಿಡಿಸಿತು.

"ಸ್ಪ್ರಿಂಗ್ ಹೊಸದು ಹಾಕಿದ್ದೀನಿ. ಇದಕ್ಕೆ ಗುಂಡು ತುಂಬೋ ಮ್ಯಾಗಜಿನ್ ಸಿಗೋದು ಕಷ್ಟ, ಇರೋದನ್ನ ಕಳ್ಕೋಬೇಡಿ," ಅಂದಳು ನೆಲ್ಡಾ. ತಂದುಬಿಟ್ಟೆ.

ಮಾರ್ಚ್ 15

ನೆಲ್ಡಾಳದೇ ತರಗತಿ, ಆಯುಧ ಹೊತ್ತು ಓಡಾಡುವವರಿಗೆ. ಊರಿನ ಅರ್ಧ ಜನ ಇಲ್ಲಿ ಕೂತು ಎದ್ದವರೇ.

"ಸೊಂಟದಲ್ಲಿ ಇದು ಇರೋವರೆಗೂ ಪ್ರತಿ ಜಗಳದಲ್ಲೂ ಸೋಲೋರು ನೀವೇ. ಯಾರಾದ್ರೂ ಬೈದ್ರಾ? ಸಾರಿ ಅನ್ನಿ. ಪಾರ್ಕಿಂಗ್ ಜಾಗ ಕಿತ್ಕೊಂಡ್ರಾ? ಬಿಟ್ಕೊಡಿ. ಜಗಳ ಶುರು ಮಾಡಿದ್ದು ನೀವು ಅಂತಾದ್ರೆ, ಸ್ವರಕ್ಷಣೆ ಅನ್ನೋ ಮಾತು ಟೆನೆಸ್ಸೀಯ ಯಾವ ಜ್ಯೂರಿ ಮುಂದೆಯೂ ನಿಲ್ಲೋದು ಕಷ್ಟ."

ಹಿಂದಿನಿಂದ ಒಬ್ಬ ದಪ್ಪ ಮನುಷ್ಯ: "ಹಾಗಾದ್ರೆ ಹೆಂಡ್ತಿಗೂ ಸಾರಿ ಅನ್ಬೇಕಾ?"

"ಅವಳಿಗೆ ಮೊದಲು."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಮನಸ್ಸಿನಲ್ಲಿ ಬರೆದುಕೊಂಡೆ. ನನ್ನ ಕಡೆ ಒಂದು ಬೆರಳೂ ತೋರಿಸುವಂತಿರಬಾರದು. ಈ ಕೌಂಟಿಯಲ್ಲಿ ನನಗಿಂತ ವಿನಯದ ಹೆಂಗಸು ಇನ್ನೊಬ್ಬಳಿಲ್ಲ ಅನ್ನಬೇಕು. ಆಮೇಲೆ ಅವನು ಬರಬೇಕು.

ಮಾರ್ಚ್ 24

ಗೌನುಗಳೆಲ್ಲ ಪೆಟ್ಟಿಗೆಗೆ. ಈಗ ದಪ್ಪ ಬೆಲ್ಟು, ಪ್ಯಾಂಟು, ದೊಗಳೆ ಅಂಗಿ. ಬಗ್ಗಿದರೆ ಬಲಗಡೆ ಉಬ್ಬು ಕಾಣುತ್ತದೆ, ಆದ್ದರಿಂದ ಮಂಡಿಯೂರಿ ವಸ್ತು ಎತ್ತಲು ಕಲಿತೆ. ನಾನು ಪಾಠ ಮಾಡುವ ಕಾಲೇಜಿನೊಳಗೆ ಪಿಸ್ತೂಲು ಒಯ್ಯುವಂತಿಲ್ಲ. ಕಾರಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಹೋಗುತ್ತೇನೆ. ಇವತ್ತು ಶೋಕಗೀತೆಗಳ ಪಾಠ. ಸತ್ತವರನ್ನು ಹೂವಿಗೆ ಹೋಲಿಸುವ ಸಾಲುಗಳನ್ನು ಓದುತ್ತ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಸಾಲು ತಪ್ಪಿತು.

ಏಪ್ರಿಲ್ 5

ಕಿರಾಣಿ ಅಂಗಡಿಯ ಸಾಲು. ಹಿಂದಿನಿಂದ ಧ್ವನಿ.

"ಅಯ್ಯೋ, ಮಿಸ್ ರೋವೆನಾ! ಪ್ಯಾಂಟು ಶುರು ಮಾಡಿದ್ದೀರಾ? ಬಲಗಡೆ ಏನೋ ಊದ್ಕೊಂಡಿದೆ, ಡಾಕ್ಟರಿಗೆ ತೋರಿಸಿ."

ಗಾರ್ಲೆಂಡ್. ಅವನ ಅಂಗಿಯ ಕೆಳಗೂ ಒಂದಿದೆ, ಯಾವಾಗಲೂ ಇತ್ತು. ಹತ್ತಿರ ಬಂದು ಮೆಲ್ಲಗೆ: "ನಿಮ್ಮ ತಂಗಿ ಕಾಲು ನೋಡ್ಕೊಂಡು ನಡೆಯೋಳಲ್ಲ. ನಿಮ್ಮ ಮನೇಲೂ ಮೆಟ್ಟಿಲು ಇದೆಯಲ್ವಾ?"

ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಸಾರಿ, ಗಾರ್ಲೆಂಡ್. ನೀವು ಮುಂದೆ ಹೋಗಿ." ಜಾಗ ಬಿಟ್ಟುಕೊಟ್ಟೆ.

ನಗುತ್ತ ಮುಂದೆ ಹೋದ. ಅವನೂ ನೆಲ್ಡಾಳ ತರಗತಿಯಲ್ಲಿ ಕೂತವನೇ, ಸೊಂಟದಲ್ಲಿ ಇದಿರುವವರೆಗೂ ನಾನು ಸೋಲಲೇಬೇಕೆಂದು ಗೊತ್ತು.

ಏಪ್ರಿಲ್ 27

ಅಂಚೆ ಕಚೇರಿ, ಪೆಟ್ರೋಲ್ ಬಂಕ್, ಚರ್ಚಿನ ಹೊರಗೆ— ನಾನಿರುವಲ್ಲಿ ಅವನು. ಬೆರಳು ತಾಗಿಸುವುದಿಲ್ಲ, ಬಾಗಿಲಿಗೆ ಬರುವುದಿಲ್ಲ. ತಂಗಿಯ ಹೆಸರೆತ್ತಿ ಏನಾದರೊಂದು ಅಂದು, ಕಾಯುತ್ತಾನೆ. "ಹೇಳಿ, ಮಿಸ್ ರೋವೆನಾ. ಸಾರಿ ಹೇಳಿ." ಹೇಳುತ್ತೇನೆ.

ಅವನನ್ನು ಮುಗಿಸಲೆಂದು ಕೊಂಡದ್ದು ನನ್ನ ಬಾಯಿ ಮುಚ್ಚಿಸಿದೆ. ಪದ್ಯ ಓದಲೂ ಆಗುತ್ತಿಲ್ಲ. ಪ್ರತಿ ಸಾಲಿನ ಕೊನೆಗೆ ಸಾರಿ, ಸಾರಿ.

ಮೇ 10

ಅವನ ಜೊತೆ ಟ್ವೈಲಾ. ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ವಿಧವೆ. ಎಡಗೈ ಬೆರಳಲ್ಲಿ ಹೊಸ ನಿಶ್ಚಿತಾರ್ಥದ ಉಂಗುರ. ಅವನು ಅತ್ತ ಹೋದಾಗ ಅವಳ ಮೊಣಕೈ ಮೇಲೆ ನಾಲ್ಕು ಬೆರಳಿನ ಗುರುತು ಕಂಡೆ.

"ಏನಿದು ಟ್ವೈಲಾ?"

"ಏನಿಲ್ಲ ಬಿಡಿ. ಸ್ವಲ್ಪ ಮುಂಗೋಪ ಅವನಿಗೆ, ಅಷ್ಟೆ. ಮನಸ್ಸು ಒಳ್ಳೇದು."

ಐವಾ ಡೀನ್ ಇದನ್ನೇ ಅಂದಿದ್ದಳು. ಇದೇ ಮಾತು, ಹೀಗೇ ತೋಳು ಇಳಿಸಿಕೊಳ್ಳುತ್ತ.

ಮುಂಗೋಪ. ಹೌದು. ಅವನಲ್ಲಿ ಅದೊಂದೇ ನಂಬಬಹುದಾದದ್ದು.

ಮೇ 17, ಶನಿವಾರ, ಬೆಳಗ್ಗೆ 7

ಇವತ್ತು ಅಗ್ನಿಶಾಮಕ ದಳದವರು ಚಂದಾ ಎತ್ತಲು ಮಾಡುವ ಪ್ಯಾನ್‌ಕೇಕ್ ಊಟ. ಊರೆಲ್ಲ ಬರುತ್ತದೆ. ಅವನೂ, ಅವಳೂ.

ಮ್ಯಾಗಜಿನ್ ತೆಗೆದೆ. ಒಳಗಿನ ಗುಂಡೂ ತೆಗೆದೆ, ಬೆರಳು ಹಾಕಿ ನೋಡಿದೆ. ಪಿಸ್ತೂಲನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ. ನೀಲಿ ಗೌನು ಹಾಕಿಕೊಂಡೆ, ಸೊಂಟಕ್ಕೆ ಅಂಟುವಂಥದ್ದು. ಅಲ್ಲಿ ಏನೂ ಇಲ್ಲವೆಂದು ಕುರುಡನಿಗೂ ಕಾಣಬೇಕು.

ಇವತ್ತು ಸೋಲಬೇಕಾದ ಅಗತ್ಯವಿಲ್ಲ.

ಅದೇ ದಿನ, ಮಧ್ಯಾಹ್ನ

ಗೌನು ಇನ್ನೂ ಬದಲಿಸಿಲ್ಲ. ಇರಲಿ.

ನೇರ ಅವರ ಮೇಜಿಗೆ ಹೋದೆ. ಮೊದಲ ಸಲ ಏಕವಚನದಲ್ಲಿ: "ಗಾರ್ಲೆಂಡ್, ಐವಾ ಡೀನ್‌ನ ಒಂದೇ ಕೈಯಲ್ಲಿ ತಳ್ಳಿದ್ಯಾ, ಎರಡರಲ್ಲೂನಾ?"

ಫೋರ್ಕು ನಿಂತಿತು. ನಕ್ಕ. "ಸಾರಿ ಹೇಳಿ, ಮಿಸ್ ರೋವೆನಾ."

"ಇವತ್ತು ಹೇಳಲ್ಲ."

ಅಕ್ಕಪಕ್ಕದ ಮೇಜಿನವರು ತಿರುಗಿದರು. ಗಟ್ಟಿಯಾಗಿಯೇ ಹೇಳಿದೆ. ಮದುವೆಯಾದ ಮೊದಲ ಚಳಿಗಾಲದಲ್ಲಿ ಮುರಿದ ತಂಗಿಯ ಮಣಿಕಟ್ಟು, ಮಂಜಿನ ಮೇಲೆ ಜಾರಿದಳು ಅಂತ ಅವನು ಅಂದದ್ದು. ಕಿತ್ತ ಕೂದಲು. "ಟ್ವೈಲಾ, ಅವನ ಮನೆಗೆ ಹೋದಾಗ ನೆಲಮಾಳಿಗೆ ಬಾಗಿಲಿನ ಚಿಲಕ ನೋಡು. ಹೊರಗಡೆ ಇದೆ. ಒಳಗೆ ಯಾರನ್ನ ಕೂಡಿಹಾಕ್ತಿದ್ದ ಅಂತ ಕೇಳು."

"ಬಾಯಿ ಮುಚ್ಚೇ!"

"ಮುಚ್ಚಿಸು. ತಂಗಿಗೆ ಮುಚ್ಚಿಸಿದ ಹಾಗೆ." ನಕ್ಕೆ. ನನ್ನ ನಗು, ತಂಗಿಯ ನಗು ಎರಡೂ ಒಂದೇ, ಅಮ್ಮನೂ ಫೋನಿನಲ್ಲಿ ಗುರುತು ತಪ್ಪುತ್ತಿದ್ದಳು. ಅವನಿಗೂ ಕೇಳಿಸಿರಬೇಕು. ಕಿವಿ ಕೆಂಪಾಯಿತು. ಕುರ್ಚಿ ಬಿತ್ತು. ಅಂಗಿ ಮೇಲಾಯಿತು. ಪಿಸ್ತೂಲಿನ ಬಾಯಿ ನನ್ನ ನೀಲಿ ಗೌನಿನ ನೇರಕ್ಕೆ ಬಂತು.

ಎರಡೂ ಕೈ ಮೇಲೆತ್ತಿ, ಬೆರಳು ಅಗಲಿಸಿದೆ. "ನೋಡಿ," ಅಂದೆ. "ಎಲ್ಲರೂ ನೋಡಿ."

ಅಗ್ನಿಶಾಮಕದ ಇಬ್ಬರು ಹಿಂದಿನಿಂದ ಅವನ ಮೇಲೆ ಬಿದ್ದರು. ಶೆರಿಫ್ ಕಡೆಯ ಪೊಲೀಸರು ಅಲ್ಲೇ ಸರದಿಯಲ್ಲಿದ್ದರು, ತಟ್ಟೆ ಹಿಡಿದು. ಸಾಕ್ಷಿ ಹುಡುಕಬೇಕಾಗಿರಲಿಲ್ಲ.

ಹೊರಗೆ ನೆಲ್ಡಾ ತೋಳು ಹಿಡಿದಳು. ನನ್ನ ಸೊಂಟ ನೋಡಿದಳು, ಮುಖ ನೋಡಿದಳು.

"ಬೇಕಂತಲೇ ಬಿಟ್ಟು ಬಂದ್ರಾ?"

"ಹೂಂ."

"ಸಾಯ್ತಿದ್ರಿ."

"ಗೊತ್ತು."

"ನನ್ನ ತರಗತೀಲಿ ಇದನ್ನ ಕಲಿಸಿರ್ಲಿಲ್ಲ ಮಾರಾಯ್ತಿ!" ಅಂದು, ಅತ್ತಳು.

ಮೇ 18, ಭಾನುವಾರ

ಚೆನ್ನಾಗಿ ನಿದ್ದೆ ಬಂತು. ಪಿಸ್ತೂಲು ಪೆಟ್ಟಿಗೆಯಲ್ಲೇ ಇದೆ.

ಅವನಿಗೆ ಕೆಲವು ವರ್ಷ ಜೈಲು ಖಂಡಿತ ಅನ್ನುತ್ತಾರೆ ಸರ್ಕಾರಿ ವಕೀಲರು. ಸಾಲದು. ಅವನ ಕೈ ಅಂಗಿಯ ಕೆಳಗೆ ಹೋದ ಕ್ಷಣ— ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ— ಹೆದರಿಕೆಯಾಗಲಿಲ್ಲ. ಹಾರಿಸು ಅಂದುಕೊಂಡೆ. ಹಾರಿಸಿದ್ದರೆ ಅವನು ಮತ್ತೆಂದೂ ಹೊರಬರುತ್ತಿರಲಿಲ್ಲ. ಅದಕ್ಕೆ ನನ್ನ ಪ್ರಾಣ ದೊಡ್ಡ ಬೆಲೆಯೇನಲ್ಲ ಅನ್ನಿಸಿತ್ತು. ಈಗಲೂ ಅನ್ನಿಸುತ್ತಿದೆ. ಅವನು ಬದುಕಿದ್ದಾನೆ, ಉಣ್ಣುತ್ತಾನೆ, ಐವಾ ಡೀನ್—

ಬಾಗಿಲಲ್ಲಿ ಯಾರೋ. ಟ್ವೈಲಾ. ಒಂದು ಸೂಟ್‌ಕೇಸ್. ಗಾಜಿನಾಚೆ ನಿಂತು ಏನೋ ಹೇಳುತ್ತಿದ್ದಾಳೆ, ಕೇಳಿಸುತ್ತಿಲ್ಲ. ಎಡಗೈ ಬೆರಳು ಬರಿದು. ಮೊದಲು ಅವಳನ್ನು ಒಳಗೆ ಕರೆಯಬೇಕು.