ಗರಿಫಲ್ಯಾಳ ಚಪ್ಪಲಿ ಯಾರ ರಕ್ತದ್ದು?

ಮಕ್ಕಳ ನಡತೆ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಆರು ವರ್ಷದ ಮಗಳು ಗರಿಫಲ್ಯಾ ಶಾಲೆಯಲ್ಲಿ ಮೇಷ್ಟರ ಮೇಲೆ ಚಪ್ಪಲಿ ಎಸೆಯುವುದು ಅವಳ ತಂದೆಯ ತಾಯಿಯಿಂದ ರಕ್ತದಲ್ಲಿ ಇಳಿದುಬಂದ ದೋಷವೆಂದೂ, ಅದಕ್ಕೆ ಮದ್ದಿಲ್ಲವೆಂದೂ, ಈಸ್ಟರ್ ಮುಗಿದೊಡನೆ ಅವಳನ್ನು ಹಡಗು ಹತ್ತಿಸಿ ಅಥೆನ್ಸಿನ ವಿಶೇಷ ವಸತಿ ಶಾಲೆಗೆ ಕಳಿಸಬೇಕೆಂದೂ ತಾವು ಅಪ್ಪಣೆ ಕೊಡಿಸಿದ್ದೀರಿ. ತಮ್ಮ ಪಾಂಡಿತ್ಯಕ್ಕೆ ದೊಡ್ಡ ನಮಸ್ಕಾರ. ತೊಡಕು ಒಂದೇ: ಅವಳು ದತ್ತು ಮಗಳು. ಎಂಟು ತಿಂಗಳ ಕೂಸನ್ನು ನಮ್ಮ ಮಡಿಲಿಗೆ ಹಾಕಿದ್ದೇ ತಮ್ಮ ಇಲಾಖೆ.

ಈ ಮಹಾ ಸಂಶೋಧನೆ ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ತಾವು ಕಳಿಸಿದ ತಜ್ಞರು ನನ್ನ ಅತ್ತೆ ಕೊಟ್ಟ ಕಹಿಕಿತ್ತಳೆ ಮುರಬ್ಬವನ್ನು ಚಪ್ಪರಿಸುತ್ತ, "ಅಮ್ಮಾ, ನಿಮ್ಮ ಮನೇಲಿ ಮುಂಚೆ ಯಾರಿಗಾದ್ರೂ ಈ ಥರ ಇತ್ತಾ?" ಎಂದರು. ಮೊಮ್ಮಗಳಿಗೆ ಅಜ್ಜಿಯ ಹೆಸರನ್ನೇ ಇಟ್ಟಾಗಿನಿಂದ ಕೋಡು ಮೂಡಿಸಿಕೊಂಡಿರುವ ಅತ್ತೆ, "ಇತ್ತಾ ಅಂದ್ರೆ? ಮೂರು ಜನ ಮೇಯರ್‌ಗೆ ಚಪ್ಪಲೀಲಿ ಹೊಡೆದಿದೀನಿ ಕಣಪ್ಪ, ಒಂದೂ ಗುರಿ ತಪ್ಪಿಲ್ಲ. ನನ್ನ ರಕ್ತ ಅದು," ಎಂದರು. ತಜ್ಞರು ಬರೆದುಕೊಂಡರು. ಮುರಬ್ಬ ಇನ್ನೊಂದು ಚಮಚ ಹಾಕಿಸಿಕೊಂಡರು. ಮಗುವನ್ನು ಮಾತಾಡಿಸಲೂ ಇಲ್ಲ.

ಅವರೊಬ್ಬರನ್ನೇ ದೂರುವುದೇಕೆ? ಇಡೀ ದ್ವೀಪವೇ ಹಾಗೆ. ಬೇಕರಿಯ ಸ್ತಮಾತಿಯಾ, "ಥೇಟ್ ಅಜ್ಜಿ ಕಣೇ. ರಕ್ತ ಎಲ್ಲಿಗೆ ಹೋಗುತ್ತೆ?" ಎಂದಳು.

"ದತ್ತು ಮಗು ಅಲ್ವೇನೇ? ಹಡಗಿಂದ ಇಳಿಸಿಕೊಂಡ ದಿನ ನೀನೇ ಎತ್ಕೊಂಡಿದ್ದೆ," ಎಂದೆ.

"ದತ್ತೇನೋ ಸರಿ. ಆದ್ರೂ ರಕ್ತ ರಕ್ತಾನೇ," ಎಂದಳು.

ಮಗಳನ್ನು ಕರೆದುಕೊಂಡು ತಮ್ಮ ಕಚೇರಿಗೇ ಬಂದು ಅರಿಕೆ ಮಾಡಿಕೊಂಡೆ. ತಾವು ಕನ್ನಡಕ ಒರೆಸುತ್ತ, "ನಿಮ್ಮತ್ತೆ ರಕ್ತ ಅಲ್ಲ ಅಂದ್ರೆ ನೀವು ಸಾಕಿದ್ದು ಸರಿ ಇಲ್ಲ ಅಂತಾಯ್ತಲ್ಲಮ್ಮ. ಹಂಗಿದ್ರೆ ಮಗೂನ ನಿಮ್ಮ ಹತ್ರ ಬಿಡೋದೇ ಕಷ್ಟ," ಎಂದಿರಿ. ಭೇಷ್. ರಕ್ತವಾದರೆ ಹಡಗು, ಸಾಕಿದ ರೀತಿಯಾದರೆ ಅನಾಥಾಲಯ. ಅತ್ತ ದರಿ, ಇತ್ತ ಪುಲಿ.

ನಿಜ ಬೇಕೇ? ಸಿಟ್ಟು ಅವಳು ಹುಟ್ಟುತ್ತಲೇ ತಂದದ್ದು. ದೀಕ್ಷಾಸ್ನಾನದ ದಿನವೇ ಹಾಲಿನ ಬಾಟಲಿಯನ್ನು ಪಾದ್ರಿಯ ಗಡ್ಡಕ್ಕೆ ಎಸೆದಿದ್ದಳು. ಅದು ಯಾರಿಂದ ಬಂತೋ, ಆ ಪುಣ್ಯಾತ್ಗಿತ್ತಿಯ ಮುಖ ನಾವು ಕಂಡಿಲ್ಲ. ಚಪ್ಪಲಿ ಮಾತ್ರ ನಮ್ಮದು. ಸಿಟ್ಟು ಬಂದಾಗ ಏನು ಮಾಡಬೇಕೆಂದು ತೋರಿಸಿಕೊಟ್ಟದ್ದು ನಮ್ಮ ಮನೆ. ಅದನ್ನು ಬಿಡಿಸುವುದೂ ನಮ್ಮ ಮನೆಗೇ ಸಾಧ್ಯ, ಸಮಯ ಕೊಟ್ಟರೆ. ಇಷ್ಟು ಬರೆಯಲು ತಮ್ಮ ವರದಿಯಲ್ಲಿ ಜಾಗವಿರಲಿಲ್ಲವೇ?

ತಾನು ದತ್ತು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅದರಿಂದ ಅಜ್ಜಿ ತನ್ನವಳಲ್ಲದೆ ಹೋಗುತ್ತಾಳೆಂಬುದು ತಮ್ಮ ಕಚೇರಿಯಲ್ಲೇ ಗೊತ್ತಾದದ್ದು. ಅಂದಿನಿಂದ ಅವಳು ಏನನ್ನೂ ಎಸೆದಿಲ್ಲ. ತಮಗೆ ಸಂತೋಷವಾಗಬಹುದು. ಊಟಕ್ಕೆ ಕೂತರೆ ಬ್ರೆಡ್ಡಿಗೆ ಕೈ ಹಾಕುವ ಮುಂಚೆ "ತಗೊಳ್ಳಲಾ?" ಎಂದು ಕೇಳುತ್ತಾಳೆ, ನೆಂಟರ ಮನೆಗೆ ಬಂದವಳಂತೆ. ನಿನ್ನೆ ಅತ್ತೆ ತಮ್ಮ ಕಾಲಿನ ಚಪ್ಪಲಿಯನ್ನೇ ಕಳಚಿ ಅವಳ ಕೈಗಿಟ್ಟು, "ಎಸಿಯೇ, ನನ್ನ ಮೇಲೇ ಎಸಿ," ಎಂದು ಗೋಗರೆದರು.

"ಬೇಡ ಅಜ್ಜಿ, ಇದು ನಿಮ್ದು," ಎಂದು ಮಗು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟಿತು.

ಆದ್ದರಿಂದ ನನ್ನ ಬೇಡಿಕೆ ಇದು. ಅವಳನ್ನು ಕಳಿಸುವ ಆಜ್ಞೆಯನ್ನು ಹೊಡೆದುಹಾಕಿ. ಆದರೆ "ಅಜ್ಜಿಯ ರಕ್ತದಿಂದ ಬಂದದ್ದು" ಎಂಬ ತಮ್ಮ ಶುದ್ಧ ಸುಳ್ಳನ್ನು ಮುಟ್ಟಬೇಡಿ. ಅದನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆದು, ಮೊಹರು ಒತ್ತಿ, ತಾವೇ ನಮ್ಮ ಮನೆಗೆ ಬಂದು ಅವಳೆದುರು ಗಟ್ಟಿಯಾಗಿ ಓದಿ. ಅದನ್ನು ಕೇಳಿ ಅವಳು ಚಪ್ಪಲಿ ಎಸೆದರೆ, ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ಇಂತಿ,
ರಕ್ತದಲ್ಲೂ ಇಲ್ಲದ, ವರದಿಯಲ್ಲೂ ಇಲ್ಲದ ತಾಯಿ
ಅಸಿಮೀನಾ