ನನ್ನ ಹೆಬ್ಬೆರಳು, ಅವನ ಬೆಲ್ಟ್

ಭಾನುವಾರ, ಮಾರ್ಚ್ ೯

ತಂಗಿಯ ಗಂಡ ಇವತ್ತು ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆದ. ಅವನು ಮೂರು ಸುತ್ತು ನಿಂತರೆ ಹೆಚ್ಚು ಎಂದಿದ್ದರು ಎಲ್ಲರೂ. ಅಸಲಿಗೆ ಆ ಪಂದ್ಯ ನನ್ನದು. ತಿಂಗಳ ಹಿಂದೆ ಅಭ್ಯಾಸದಲ್ಲಿ ಅವನ ಗಟ್ಟಿ ತಲೆಗೆ ಗುದ್ದಿಯೇ ನನ್ನ ಹೆಬ್ಬೆರಳು ಮುರಿದಿತ್ತು. ನನ್ನ ಬದಲಿಗೆ ಅವನು ಹೋದ. ನನಗೆಂದು ಹೊಲಿಸಿದ್ದ ನಿಲುವಂಗಿಯಲ್ಲೇ ರಿಂಗಿಗೆ ಬಂದ, ತೋಳು ಉದ್ದವಾಗಿ ಗ್ಲೌಸೂ ಕಾಣುತ್ತಿರಲಿಲ್ಲ. ಒಂಬತ್ತನೇ ಸುತ್ತಿನಲ್ಲಿ ಹಳೆಯ ಚಾಂಪಿಯನ್‌ನನ್ನು ಮಲಗಿಸಿದ್ದು ನಾನೇ ಕಲಿಸಿದ ಎಡಗೈ ಏಟು.

ಟಿವಿ ಮುಂದೆ ಅಮ್ಮ ಕಣ್ಣೊರೆಸಿಕೊಂಡಳು. "ನಿನ್ನ ಬೆರಳು ಮುರಿದಿದ್ದೇ ಒಳ್ಳೇದಾಯ್ತು ನೋಡೋ."

ಆಮೇಲೆ ಅವನೇ ಫೋನ್ ಮಾಡಿದ. "ಭಾವ, ಇದು ನಿಮ್ಮ ಗೆಲುವು." ಸೊಕ್ಕು ತೋರಿಸಿದ್ದರೆ ಬೈದಾದರೂ ಹೊಟ್ಟೆ ತಣ್ಣಗಾಗುತ್ತಿತ್ತು.

ಬೆರಳಿನ ಪಟ್ಟಿ ಬಿಚ್ಚಬಹುದೆಂದು ಡಾಕ್ಟರು ಮೊನ್ನೆಯೇ ಹೇಳಿದ್ದಾರೆ. ಬಿಚ್ಚಿಲ್ಲ. ಊರಿಗೆಲ್ಲ ತೋರಿಸಲು ಅವನಿಗೆ ಚಾಂಪಿಯನ್ ಬೆಲ್ಟ್ ಇದೆ. ನನಗೆ ಈ ಪಟ್ಟಿಯೊಂದೇ.