ಗಂಟುಗೂದಲು ಯಾರದು

ಸಾಂತ್ ಸೂಜಾನ್, ರಿಯೂನಿಯನ್ ದ್ವೀಪ
9 ಜೂನ್ 1987

ನನ್ನ ಲಿಲಿಯೋಜ್,

ಫ್ರಾನ್ಸಿನ ನಾಂತ್ ಊರಿನಲ್ಲಿ ನೀನು, ಅಳಿಯ, ಮಗು ಸುಖವಾಗಿರಿ ಎಂದು ಹರಸುತ್ತೇನೆ. ಮಗುವಿನ ಕೂದಲು ಬಾಚಣಿಗೆಗೂ ಬಗ್ಗದೆ ಗಂಟುಗಟ್ಟಿದೆ, ಇಪ್ಪತ್ತನೇ ತಾರೀಖು ಶನಿವಾರ ನಿನ್ನ ಅತ್ತೆ ಕತ್ತರಿಸಲು ಕರೆದೊಯ್ಯುತ್ತಾರೆ ಎಂದು ಬರೆದಿದ್ದೀಯ. ನಾವು ತಮಿಳು ಮೂಲದ ಮಲ್ಬಾರರಲ್ಲವೇ, ಇಲ್ಲಿನ ಮಾರಿಯಮ್ಮನಿಗೆ ಹರಕೆ ಹೊತ್ತರೆ ಸಾಕೇ ಎಂದು ಕೇಳಿದ್ದೀಯ.

ಸಾಲದು. ಯಾರಿಗೂ ಕತ್ತರಿ ಮುಟ್ಟಿಸಲು ಬಿಡಬೇಡ. ಇದು ಅಂಗಡಿಯ ಫೋನಿನಲ್ಲಿ, ಹತ್ತು ಜನರ ಕಿವಿಯ ಮುಂದೆ ಹೇಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಪ್ಪ ಮಲ್ಬಾರ್. ನಾನಲ್ಲ. ನನ್ನ ಅಜ್ಜಿ ಯೂಫ್ರಾಜಿಯ ಹಿರಿಯರನ್ನು ಮಡಗಾಸ್ಕರದಿಂದ ಕಬ್ಬಿನ ಗದ್ದೆಗೆ ಗುಲಾಮರಾಗಿ ಹಿಡಿದು ತಂದಿದ್ದರು. ಮದುವೆಗೆ ಮುಂಚೆ ನಾನು ಅದನ್ನು ಮುಚ್ಚಿಟ್ಟೆ. ಗೊತ್ತಾಗಿದ್ದರೆ ನಿನ್ನ ಅಪ್ಪನ ತಾಯಿ ನನ್ನನ್ನು ಹೊಸಿಲು ದಾಟಿಸುತ್ತಿರಲಿಲ್ಲ.

ನಿನಗಿಂತ ಮೊದಲು ಹುಟ್ಟಿದ ನಿನ್ನ ಅಣ್ಣ ಜೆಫಿರನ್ನನನ್ನು ನೀನು ಫೋಟೋದಲ್ಲಿ ಮಾತ್ರ ಕಂಡವಳು. ಎರಡು ವರ್ಷಕ್ಕೆ ಅವನ ತಲೆಯೂ ಹೀಗೇ ಗಂಟಾಯಿತು. ನನ್ನ ಅತ್ತೆ ದಿನಕ್ಕೊಮ್ಮೆ ಆ ತಲೆಯನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು. ಸುದ್ದಿ ತಿಳಿದು ಅಜ್ಜಿ ಬೆಟ್ಟದಿಂದ ನಡೆದೇ ಬಂದಳು. ಅಂಗಳದಲ್ಲಿ ನಿಂತು ಮೆಲ್ಲಗೆ ಅಂದಳು: "ನಾಲ್ಕು ಕಡೆ ನೆತ್ತರು ಕೂಡಿದ ತಲೆ ಕಣೇ ಇದು. ಯಾವ ಕಡೆ ಹಿರೀರು ಈ ಕೂದ್ಲು ಹಿಡ್ಕೊಂಡಿದಾರೆ ಅಂತ ಮೊದ್ಲು ಕೇಳು. ನಮ್ಮೋರಾದ್ರೆ ನಮ್ಮ ಥರಾನೇ ಬಿಡಿಸ್ಬೇಕು."

ಒಳಗಿನಿಂದ ಅತ್ತೆ ಯಾರದು ಎಂದು ಕೇಳಿದರು. ನಾನು ಹೇಳಿದೆ: "ಯಾರೋ ಜೋಳ ಮಾರೋ ಮುದ್ಕಿ, ಅತ್ತೆ."

ಅಜ್ಜಿ ಜೋಳ ಮಾರುವವಳ ಹಾಗೆಯೇ ಗೇಟು ಮುಚ್ಚಿಕೊಂಡು ಹೋದಳು. ಆ ಭಾನುವಾರ ಮಾರಿಯಮ್ಮನ ಗುಡಿಯಲ್ಲಿ ಜೆಫಿರನ್ನನ ತಲೆ ಬೋಳಿಸಿದೆವು. ಒಂಬತ್ತನೇ ದಿನ ಜ್ವರ ಬಂತು, ಹನ್ನೊಂದನೇ ದಿನ ಅವನಿರಲಿಲ್ಲ. ಆಮೇಲೆ ನೀನು ಹುಟ್ಟಿದೆ. ನಿನ್ನ ಕೂದಲು ನುಣುಪಾಗಿತ್ತು. ಬದುಕಿದೆ ಎಂದುಕೊಂಡೆ, ನಾಚಿಕೆಗೆಟ್ಟವಳು.

ಅಜ್ಜಿ ಸತ್ತು ಇಪ್ಪತ್ತೆರಡು ವರ್ಷವಾಯಿತು. ಕಬ್ಬಿಗೆ ಹೂ ಬಿಡುವ ಈ ದಿನಗಳಲ್ಲಿ, ಹಾಡಹಗಲೇ, ಅದೇ ಅಂಗಳದಲ್ಲಿ ನಿಲ್ಲುತ್ತಾಳೆ. ಸೊಂಟದ ಮೇಲೆ ಬೋಳುತಲೆಯ ಮಗು. ಒಳಗೆ ಬಾ ಎಂದು ಕರೆಯಲು ಬಾಯಿ ತೆರೆಯುತ್ತೇನೆ, ಅಜ್ಜಿ ಎಂಬ ಮಾತು ಹೊರಡುವುದಿಲ್ಲ.

ಮಗುವನ್ನು ಆಗಸ್ಟಿನಲ್ಲಿ ಕರೆದುಕೊಂಡು ಬಾ. ಬೆಟ್ಟದಲ್ಲಿ ಅಜ್ಜಿಯ ತಂಗಿಯ ಮಗ ಇದ್ದಾನೆ. ಡೋಲು ಬಡಿದು, ಹಿರಿಯರ ಹೆಸರು ಹಿಡಿದು ಕರೆದು, ಅವರ ಎದುರು ಕೂದಲು ತೆಗೆಸುತ್ತಾನೆ. ಗುಡಿಗೂ ಹೋಗೋಣ, ಅಪ್ಪನ ಕಡೆಯವರೂ ನಮ್ಮವರೇ. ನಿನ್ನ ಗಂಡ ನಕ್ಕರೆ ನಗಲಿ. ನಿನ್ನ ಅತ್ತೆ ಕೇಳಿದರೆ ನಿಜವನ್ನೇ ಹೇಳು. ನನ್ನ ಹಾಗೆ ಸುಳ್ಳಾಡಬೇಡ ಮಗಳೇ.

ನಿನ್ನ ಅಮ್ಮ,
ಉರ್ಸ್ಯೂಲ್, ಯೂಫ್ರಾಜಿಯ ಮೊಮ್ಮಗಳು

ತಾ.ಕ.: ಜೆಫಿರನ್ನನಿಗೆ ಬಂದದ್ದು ಮಿದುಳು ಜ್ವರ, ಕೂದಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಅಂದೇ ಹೇಳಿದ್ದರು. ಇದನ್ನು ನಿನ್ನಪ್ಪನಿಗೂ ತಿಳಿಸಲಿಲ್ಲ. ತಪ್ಪು ನನ್ನದಾದರೆ ಒಂದು ದಿನ ಕ್ಷಮೆ ಕೇಳಬಹುದು. ಯಾರ ತಪ್ಪೂ ಇಲ್ಲದೆ ಅವನು ಸತ್ತನೆಂದರೆ, ನಾನು ಯಾರ ಬಳಿ ಹೋಗಲಿ?